ಜೀನುಗಾರನ ಮಂಜಿನ ಮಗಳು

ನಮ್ಮ ಸಾನ್ ಹಿಲಾರಿಯೊದಲ್ಲಿ ಮದುವೆಯಾಗದ ಗಂಡಸಿಗೆ ಮಗಳು ಹುಟ್ಟುವುದು ದೊಡ್ಡ ಸುದ್ದಿಯೇನಲ್ಲ. ಆದರೆ ಆಕಾಶದಲ್ಲಿ ಮಗಳು ಹುಟ್ಟಿದ್ದು ತಿಬುರ್ಸಿಯೊ ಒಬ್ಬನಿಗೇ. ಈಗಿನವರು ಆ ಮಾತೆತ್ತಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ, ಯಾರು ಬೇಡವೆಂದರು? ಇವರ ಅಪ್ಪಂದಿರೇ ಅವತ್ತು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು, ಇಗರ್ಜಿಯ ಮೊದಲ ಸಾಲಿನಲ್ಲಿ ನಿಂತಿದ್ದರು.

ತಿಬುರ್ಸಿಯೊ ಕುದುರೆ ಜೀನು ಹೊಲಿಯುವವನು. ಕೈಕೆಲಸದಲ್ಲಿ ಅಂಥ ಹೆಸರುವಾಸಿಯೇನಲ್ಲ. ಅವನು ಹೊಲಿದ ಜೀನಿನ ಮೇಲೆ ಕೂತು ಪಕ್ಕದೂರಿಗೆ ಹೋಗಿಬಂದವರು ಆಮೇಲೆ ಎರಡು ದಿನ ನಿಂತುಕೊಂಡೇ ಊಟ ಮಾಡುತ್ತಿದ್ದರು. ಬೆಳ್ಳಿ ಗಣಿ ಮುಚ್ಚಿದ ವರ್ಷ, ಗಂಟುಮೂಟೆ ಕಟ್ಟಿ ಹೊರಟಿದ್ದ ಪರದೇಶಿ ಅಧಿಕಾರಿಯೊಬ್ಬ ತನ್ನ ಮುರಿದ ದುರ್ಬೀನಿನ ಗಾಜುಗಳನ್ನು ಅವನ ಅಂಗಡಿಯಲ್ಲಿ ಬಿಟ್ಟುಹೋದ. ಗಾಜಿತ್ತು, ಕೊಳವೆ ಇರಲಿಲ್ಲ. ತಿಬುರ್ಸಿಯೊ ತನಗೆ ಗೊತ್ತಿದ್ದ ಒಂದೇ ಸಾಮಾನಿನಲ್ಲಿ, ಅಂದರೆ ಎತ್ತಿನ ಚರ್ಮದಲ್ಲಿ, ಕೊಳವೆ ಹೊಲಿದ. ಬೇಸಿಗೆಯಲ್ಲಿ ಅದು ಬಾಗಿ ನೆಲ ನೋಡುತ್ತಿತ್ತು. ಮಳೆಗಾಲದಲ್ಲಿ ಊದಿಕೊಂಡು ನಾರುತ್ತಿತ್ತು. ಆಸಾಮಿ ಬಿಡಬೇಕಲ್ಲ! ದಿನಾ ಸಂಜೆ ಮಾಳಿಗೆ ಹತ್ತಿ, ಅದನ್ನು ಕವೆಗೋಲಿಗೆ ಒರಗಿಸಿ, ಒಂದು ಕಣ್ಣು ಮುಚ್ಚಿ ಕೂತುಬಿಡುತ್ತಿದ್ದ.

ಒಂದು ಆಗಸ್ಟಿನಲ್ಲಿ ಕುಂಭ ರಾಶಿಯ ಪಕ್ಕದಲ್ಲಿ ಅವನಿಗೆ ಒಂದು ಬಿಳಿ ಮಸುಕು ಕಂಡಿತು. ಗಾಜಿಗೆ ಉಸಿರು ಬಡಿದಿರಬೇಕು ಅಂದುಕೊಂಡು ಅಂಗಿಯ ಚುಂಗಿನಲ್ಲಿ ಒರೆಸಿದ. ಮಸುಕು ಅಲ್ಲೇ ಇತ್ತು. ಮರುದಿನವೂ ಇತ್ತು, ಆ ವಾರವೆಲ್ಲ ಇತ್ತು. ಶಾಲೆಯ ಮೇಷ್ಟ್ರು ತಲೆ ಕೆರೆದುಕೊಂಡು, "ಜಾಗ ಬಿಟ್ಟು ಕದಲಲಿಲ್ಲ ಅಂದ್ರೆ ಧೂಮಕೇತು ಅಲ್ಲ. ಅದು ನೀಹಾರಿಕೆ. ಅಂದ್ರೆ ಆಕಾಶದ ಮಂಜು ಕಣಯ್ಯಾ," ಅಂದರು. ತಿಬುರ್ಸಿಯೊ ಅವತ್ತು ಅಂಗಡಿ ತೆರೆಯಲಿಲ್ಲ. ಊರಿನ ಪ್ರತಿ ಬಾಗಿಲು ತಟ್ಟಿ, "ನಂಗೊಂದು ನೀಹಾರಿಕೆ ಆಗಿದೆ," ಅಂತ ಹೇಳಿಕೊಂಡು ಬಂದ. ಕೆಲವರು ಪಾಪ, ಅದು ಯಾವುದೋ ಕಾಯಿಲೆ ಅಂತ ತಿಳಿದು ಗಿಡಮೂಲಿಕೆ ಕಳಿಸಿಕೊಟ್ಟರು.

ಗ್ರಹಚಾರಕ್ಕೆ ಅದೇ ತಿಂಗಳು ಆಲಿಕಲ್ಲು ಬಿದ್ದು ಮೆಕ್ಕೆಜೋಳವೆಲ್ಲ ನೆಲ ಕಚ್ಚಿತು. ನೀರು ಹಿಡಿಯುವ ಕಟ್ಟೆಯ ಹತ್ತಿರ ಹೆಂಗಸರು ಮಾತಾಡಿಕೊಂಡರು. "ಮೇಲೊಂದು ಹೊಸದು ಹುಟ್ಟಿದೆ, ತಲೆಗೆ ನೀರು ಬಿದ್ದಿಲ್ಲ, ಹೆಸರಿಟ್ಟಿಲ್ಲ. ಇನ್ನೇನಾಗುತ್ತೆ ಮತ್ತೆ?" ದೀಕ್ಷಾಸ್ನಾನವಿಲ್ಲದ ಮಗು ಮನೆಯಲ್ಲಿದ್ದರೆ ಸಿಡಿಲು ಆ ಮನೆಯನ್ನೇ ಹುಡುಕಿಕೊಂಡು ಬರುತ್ತದೆ, ಯಾರಿಗೆ ಗೊತ್ತಿಲ್ಲದ್ದು? ಮೇಯರ್ ಎವರಿಸ್ತೊ ಊರಿನವರನ್ನು ಕರೆದುಕೊಂಡು ಪಾದ್ರಿ ಗೌದೆನ್ಸಿಯೊ ಹತ್ತಿರ ಹೋದ.

"ನೀರು ಎಲ್ಲಿಗೆ ಹೊಯ್ಲಯ್ಯಾ? ಏಣಿ ಹಾಕಿಸ್ತೀಯಾ?" ಅಂದರು ಪಾದ್ರಿ.

"ಇಗರ್ಜಿ ಮಾಡು ಸೋರ್ತಿದೆ ಸ್ವಾಮಿ," ಅಂದ ಮೇಯರ್, ಬೇರೆ ಕಡೆ ನೋಡುತ್ತಾ. "ಈ ಸಲ ಹೊಸ ಹೆಂಚು ಹಾಕ್ಸೋಣ ಅಂತಿದ್ದೆ."

ಪಾದ್ರಿಗಳು ಮಾಡನ್ನು ನೋಡಿದರು, ನೆಲದ ಮೇಲಿಟ್ಟಿದ್ದ ಬಕೆಟ್ಟುಗಳನ್ನು ನೋಡಿದರು. "ಕೈಯಲ್ಲಿ ಹಿಡ್ಕೊಳ್ಳೋಕೆ ಏನಾದ್ರೂ ಬೇಕಲ್ಲಪ್ಪಾ," ಅಂದರು, ಸೋತ ದನಿಯಲ್ಲಿ.

ಬನ್ನು ಸುಡುವ ಪೆತ್ರೊನಿಲಾ ಗುಂಪಿನ ಹಿಂದಿನಿಂದ ಮುಂದೆ ಬಂದಳು. ಆಗ ಅವಳ ಗಂಡ ಸಿಪ್ರಿಯಾನೊ ಇನ್ನೂ ಇದ್ದ. "ಹಿಟ್ಟಲ್ಲಿ ಒಂದು ಮಾಡ್ಕೊಡ್ತೀನಿ ಬಿಡಿ. ರೀ ತಿಬುರ್ಸಿಯೊ, ಹೇಗಿದೆ ನಿಮ್ ಮೋಡ? ಗುಂಡಗಾ, ಉದ್ದಕ್ಕಾ?"

"ಸ್ವಲ್ಪ ಉಬ್ಬಿದ ಹಾಗಿದೆ."

"ಹುದುಗು ಒಂಚೂರು ಜಾಸ್ತಿ ಹಾಕಿದ್ರಾಯ್ತು."

ಹೀಗೆ ಅಕ್ಟೋಬರಿನಲ್ಲಿ, ಸಂತ ಊರ್ಸುಲಾಳ ಹಬ್ಬದ ದಿನ, ಲೇಸಿನ ಗೌನು ತೊಡಿಸಿದ ಒಂದು ಬಿಳಿ ಬ್ರೆಡ್ಡಿನ ತಲೆಗೆ ನೀರು ಬಿತ್ತು. ಧರ್ಮತಾಯಿಯಾಗಿ ಅದನ್ನು ಎತ್ತಿಕೊಂಡವಳು ಪೆತ್ರೊನಿಲಾ, ಧರ್ಮಪಿತನಾಗಿ ಮೇಣದಬತ್ತಿ ಹಿಡಿದವನು ಮೇಯರ್. ಆ ದಿನದ ಸಂತಳ ಹೆಸರೇ ಮಗುವಿಗೆ ಬಂತು, ಊರ್ಸುಲಾ. ಮೇಯರ್ ಮೆಟ್ಟಿಲ ಮೇಲಿಂದ ಚಿಲ್ಲರೆ ತೂರಿದ, ಹುಡುಗರು ಬಿದ್ದೆದ್ದು ಆರಿಸಿಕೊಂಡರು. ಸಂಜೆ ಮಗುವನ್ನು ಹೋಳು ಮಾಡಿ ಎಲ್ಲರೂ ಬಿಸಿ ಚಾಕೊಲೇಟಿನಲ್ಲಿ ಅದ್ದಿ ತಿಂದರು. ತಿಬುರ್ಸಿಯೊ ಮಾತ್ರ ತನ್ನ ಹೋಳನ್ನು ಕರವಸ್ತ್ರದಲ್ಲಿ ಸುತ್ತಿ ಮನೆಗೆ ಒಯ್ದ. ತಿನ್ನಲು ಮನಸ್ಸಾಗಲಿಲ್ಲ ಅವನಿಗೆ.

ಅವತ್ತಿನಿಂದ ತಂದೆ ತಿಬುರ್ಸಿಯೊ ಮತ್ತು ಧರ್ಮತಾಯಿ ಪೆತ್ರೊನಿಲಾ ಒಬ್ಬರಿಗೊಬ್ಬರು ಕೊಂಪಾದ್ರೆ, ಕೊಮಾದ್ರೆ ಆದರು. ಇದೇನು ಹುಡುಗಾಟದ ನಂಟಲ್ಲ, ಒಡಹುಟ್ಟಿದವರಿಗಿಂತ ಒಂದು ಕೈ ಮೇಲು. ಅಂಥವರ ನಡುವೆ ಮದುವೆಯ ಯೋಚನೆ ಬಂದರೂ ಪಾಪ. ಗಣಿಯ ಮೇಲಿನ ಗುಡ್ಡದಲ್ಲಿ ಒಂದಕ್ಕೊಂದು ಒರಗಿ ನಿಂತ ಎರಡು ಬಂಡೆಗಳಿವೆಯಲ್ಲ, ಅವೇನು ಹುಟ್ಟುವಾಗಲೇ ಬಂಡೆಗಳಾಗಿರಲಿಲ್ಲ, ಮದುವೆಯಾಗಲು ಹೊರಟ ಕೊಂಪಾದ್ರೆ ಕೊಮಾದ್ರೆಯರಂತೆ.

ಮುಂದಿನ ವರ್ಷ ಆಲಿಕಲ್ಲು ಬೀಳಲಿಲ್ಲ. ಅಲ್ಲಿಗೆ ಊರ್ಸುಲಾ ಗೆದ್ದಳು. ಅವಳ ಹೆಸರಿನಲ್ಲಿ ಒಂದು ಬೀದಿಯಾಯಿತು, ಒಂದು ಹೆಂಡದಂಗಡಿಯಾಯಿತು. ಪ್ರತಿ ಅಕ್ಟೋಬರಿನಲ್ಲಿ ಹೊಸ ಬ್ರೆಡ್ಡನ್ನು ಮೆರವಣಿಗೆಯಲ್ಲಿ ಒಯ್ಯುತ್ತಿದ್ದರು. ಮುಂದೆ ಕರಿಕೋಟು ತೊಟ್ಟ ತಿಬುರ್ಸಿಯೊ. ಹಿಂದೆಲ್ಲ ಅವನು ಎದುರು ಬಂದರೆ ಜನ ಬೆನ್ನು ನೋವಿನ ನೆನಪಾಗಿ ಮುಖ ತಿರುಗಿಸುತ್ತಿದ್ದರು. ಈಗ ಟೋಪಿ ತೆಗೆದು, "ಮಗಳು ಹೇಗಿದ್ದಾಳೆ?" ಅನ್ನುತ್ತಿದ್ದರು. "ನಿನ್ನೆ ಸ್ವಲ್ಪ ಮಂಕಾಗಿದ್ಲು," ಅನ್ನುತ್ತಿದ್ದ ಅವನು, ಬಹಳ ಗಂಭೀರವಾಗಿ.

ಕೆಲವು ವರ್ಷ ಕಳೆದ ಮೇಲೆ ಸಿಪ್ರಿಯಾನೊನನ್ನು ಹೇಸರಗತ್ತೆ ಒದ್ದು ಅವನು ತೀರಿಕೊಂಡ. ಪೆತ್ರೊನಿಲಾ ಅತ್ತಳು, ಭಟ್ಟಿಗೆ ಸೌದೆ ಒಟ್ಟಿದಳು, ಕೆಲಸ ನಿಲ್ಲಿಸಲಿಲ್ಲ. ತಿಬುರ್ಸಿಯೊ ಬೆಳಿಗ್ಗೆ ಬನ್ನಿಗೆ ಹೋಗುತ್ತಿದ್ದವನು ಆಮೇಲಾಮೇಲೆ ಮಧ್ಯಾಹ್ನವೂ ಹೋಗತೊಡಗಿದ. ಅವನಿಗೆ ಇಷ್ಟವೆಂದು ಅವಳು ಅಂಚು ಸೀದ ಬನ್ನು ಎತ್ತಿಡತೊಡಗಿದಳು. ಅವನು ಅವಳಿಗೊಂದು ಚರ್ಮದ ಏಪ್ರನ್ ಹೊಲಿದುಕೊಟ್ಟ. ಅದನ್ನು ಕಟ್ಟಿಕೊಂಡರೆ ಬಗ್ಗಲು ಆಗುತ್ತಿರಲಿಲ್ಲ, ಆದರೂ ಅವಳು ದಿನಾ ಕಟ್ಟಿಕೊಂಡಳು. ಪ್ರೀತಿಯಲ್ಲದೆ ಇನ್ನೇನು, ಹೇಳಿ?

ಒಂದು ದಿನ ಅವನು ಗಂಟಲು ಸರಿಮಾಡಿಕೊಂಡ. "ಕೊಮಾದ್ರೆ, ನೀವೂ ಒಂಟಿ, ನಾನೂ ಒಂಟಿ..."

"ಬಾಯ್ಮುಚ್ಚಿ ಕೊಂಪಾದ್ರೆ!" ಅವಳ ಮುಖ ಭಟ್ಟಿಗಿಂತ ಕೆಂಪಾಯಿತು. "ಬಂಡೆ ಆಗೋ ಆಸೇನಾ ನಿಮಗೆ? ನಂಗಿನ್ನೂ ಸೊಂಟ ಬಗ್ಗುತ್ತೆ."

ಬಾಯಲ್ಲಿ ಹಾಗಂದರೂ ಅವಳೇ ಹೋಗಿ ಪಾದ್ರಿಗಳನ್ನು ಕೇಳಿದಳು. ಬಿಷಪ್ಪರು ಮನಸ್ಸು ಮಾಡಿದರೆ ಇಂಥದ್ದಕ್ಕೆ ವಿನಾಯಿತಿ ಸಿಗುತ್ತದೆಯಂತೆ. ಪಾದ್ರಿ ಗೌದೆನ್ಸಿಯೊ ಬೆವರಿದರು. "ವಿನಾಯಿತಿ ಕೇಳಿದ್ರೆ ಬಿಷಪ್ಪರು, ಮಗು ಯಾವುದು ಅಂತಾರೆ. ಏನಂತ ಹೇಳ್ಲಮ್ಮಾ ನಾನು? ಬ್ರೆಡ್ಡಿಗೆ ನೀರು ಹೊಯ್ದೆ ಅಂತ ಹೇಳ್ಲಾ? ನನ್ನ ಇನ್ನೂ ದೊಡ್ಡ ಗುಡ್ಡಕ್ಕೆ ಎತ್ತಿ ಹಾಕ್ತಾರೆ." ಅಲ್ಲಿಗೆ ಮಾತು ಮುಗಿಯಿತು. ಅವಳು ಬನ್ನು ಎತ್ತಿಡುವುದೂ, ಅವನು ತಿನ್ನುವುದೂ, ಇಬ್ಬರೂ ನಿಟ್ಟುಸಿರು ಬಿಡುವುದೂ ವರ್ಷಗಟ್ಟಲೆ ನಡೆಯಿತು.

ಆಮೇಲೆ ರೈಲು ಹಾದಿ ಅಳೆಯಲು ಉರ್ಕಿದಿ ಎಂಬ ಎಂಜಿನಿಯರ್ ಬಂದ. ಅವನ ಹತ್ತಿರ ಒಂದು ಹಿತ್ತಾಳೆಯ ದುರ್ಬೀನಿತ್ತು, ಚೊಕ್ಕ ಮೂರು ಕಾಲಿನದು. ಮೇಯರ್ ಅವನನ್ನು ತಿಬುರ್ಸಿಯೊನ ಮಾಳಿಗೆಗೆ ಹತ್ತಿಸಿ ಊರ್ಸುಲಾಳನ್ನು ತೋರಿಸಿದ. ಉರ್ಕಿದಿ ಒಳ್ಳೆಯ ಹುಡುಗ, ಅಲ್ಲಿ ಏನೂ ಅನ್ನಲಿಲ್ಲ. ಮರುದಿನ ಪೆತ್ರೊನಿಲಾಳ ಅಂಗಡಿಯಲ್ಲಿ ಬನ್ನು ತಿನ್ನುತ್ತಾ, ಪಕ್ಕದಲ್ಲಿದ್ದ ತಿಬುರ್ಸಿಯೊನಿಗೆ ಮೆಲ್ಲಗೆ ಹೇಳಿದ.

"ಬೇಜಾರು ಮಾಡ್ಕೋಬೇಡಿ ಡಾನ್ ತಿಬುರ್ಸಿಯೊ. ನಾಲ್ಕಾರು ಸಣ್ಣ ನಕ್ಷತ್ರ ಒತ್ತೊತ್ತಾಗಿದ್ರೆ ಚಿಕ್ಕ ಗಾಜಲ್ಲಿ ಮಂಜಿನ ಹಾಗೇ ಕಾಣೋದು. ಹಿಂದಿನ ಕಾಲದ ದೊಡ್ಡ ದೊಡ್ಡ ವಿದ್ವಾಂಸರೂ ಇದಕ್ಕೆ ಮೋಸಹೋಗಿ, ನೀಹಾರಿಕೆ ಅಂತ ಬರೆದಿಟ್ಟಿದ್ದಾರೆ. ನನ್ನ ದುರ್ಬೀನಲ್ಲಿ ನೋಡಿದ್ರೆ ಒಂದೇ ಗಳಿಗೇಲಿ ಗೊತ್ತಾಗುತ್ತೆ."

"ಏನು ಗೊತ್ತಾಗುತ್ತೆ?" ಅಂದ ತಿಬುರ್ಸಿಯೊ.

"ಮಂಜು ಇಲ್ಲ ಅಂತ."

ತಿಬುರ್ಸಿಯೊ ಅರ್ಧ ತಿಂದ ಬನ್ನನ್ನು ಕಟ್ಟೆಯ ಮೇಲಿಟ್ಟು ಎದ್ದುಹೋದ. ಎಲ್ಲ ಕೇಳಿಸಿಕೊಂಡ ಪೆತ್ರೊನಿಲಾ ಮಾತ್ರ ಹಿಟ್ಟಿನ ಕೈಯಲ್ಲೇ ನಿಂತುಬಿಟ್ಟಳು. ಭಟ್ಟಿಯಲ್ಲಿದ್ದದ್ದು ಸೀಯಲಿ ಅಂತ ಬಿಟ್ಟು ನೇರ ಇಗರ್ಜಿಗೆ ಓಡಿದಳು.

ಸಂಜೆ ಅವಳು ಜೀನಿನ ಅಂಗಡಿಯ ಬಾಗಿಲಲ್ಲಿ ನಿಂತಾಗ ಅವನು ದಬ್ಬಣ ಹಿಡಿದು ಸುಮ್ಮನೆ ಕೂತಿದ್ದ.

"ಪಾದ್ರಿಗಳನ್ನ ಕೇಳ್ದೆ," ಅಂದಳು. "ಮಗುವೇ ಇಲ್ಲ ಅಂದ್ಮೇಲೆ ದೀಕ್ಷೆ ಎಲ್ಲಿಂದ ಬಂತು ಅಂದ್ರು. ನೀರು ಬರೀ ಬ್ರೆಡ್ಡಿಗೆ ಬಿದ್ದ ಹಾಗಂತೆ. ನಾನು ಯಾರಿಗೂ ಧರ್ಮತಾಯಿ ಅಲ್ವಂತೆ. ನಾವು ಕೊಂಪಾದ್ರೆ ಕೊಮಾದ್ರೆ ಅಲ್ವಂತೆ! ಆದ್ರೆ ತಂದೆ ಆದವನು ಆ ದುರ್ಬೀನಲ್ಲಿ ನೋಡಿ, ಊರಿನ ಮುಂದೆ ಹೇಳ್ಬೇಕಂತೆ."

"ಏನಂತ?"

"ಇಲ್ಲ ಅಂತ."

"ಇದ್ದಾಳಲ್ಲ ಕೊಮಾದ್ರೆ. ದಿನಾ ನೋಡ್ತೀನಿ ನಾನು."

"ನನ್ನೂ ದಿನಾ ನೋಡ್ತೀರಿ!" ಅವಳ ದನಿ ಒಡೆಯಿತು. "ನಂಗೇನು ಹದಿನಾರು ವಯಸ್ಸಾ ಕಾಯ್ತಾ ಕೂರೋಕೆ? ಅವಳು ಬೇಕೋ ನಾನು ಬೇಕೋ, ಯೋಚ್ನೆ ಮಾಡಿ. ಮಾಡೋವರೆಗೂ ನನ್ನ ಅಂಗಡಿ ಕಡೆ ಬರ್ಬೇಡಿ."

ಅವನು ಹೋಗಲಿಲ್ಲ. ಒಣಗಿದ ಜೋಳದ ರೊಟ್ಟಿ ಮುರಿದು ತಿಂದ. ಹೊಲಿದ ಜೀನುಗಳು ಹಿಂದಿಗಿಂತ ಕೆಟ್ಟದಾಗಿ ಬಂದವು. ಮಾಳಿಗೆ ಹತ್ತಿದರೆ ಊರ್ಸುಲಾ ಅಲ್ಲೇ ಇದ್ದಳು, ಹಾಲು ಚೆಲ್ಲಿದಂತೆ ಮೆತ್ತಗೆ. ಅವಳನ್ನು ತೆಗೆದುಬಿಟ್ಟರೆ ತಾನು ಯಾರು? ಜನರ ಬೆನ್ನು ನೋಯಿಸುವ ಒಬ್ಬ ಜೀನುಗಾರ, ಅಷ್ಟೇ. ಕೆಳಗಿಳಿದರೆ ಭಟ್ಟಿಯ ವಾಸನೆ ಬೀದಿಯುದ್ದಕ್ಕೂ ಬರುತ್ತಿತ್ತು. ಇದಕ್ಕಿಂತ ಸಾಯುವುದು ಸುಲಭ ಅನ್ನಿಸಿತು ಅವನಿಗೆ. ಕೊನೆಗೊಂದು ಬೆಳಿಗ್ಗೆ ಕರಿಕೋಟು ತೊಟ್ಟು ಹೋಗಿ ಉರ್ಕಿದಿಯ ಬಾಗಿಲು ತಟ್ಟಿದ.

ಸಂಜೆಯ ಪ್ರಾರ್ಥನೆ ಮುಗಿದು ಕತ್ತಲು ಇಳಿಯುವಾಗ ಚೌಕದ ನಡುವೆ ಹಿತ್ತಾಳೆಯ ದುರ್ಬೀನು ನಿಂತಿತ್ತು. ಊರೆಲ್ಲ ನೆರೆದಿತ್ತು. ಜೋಳದ ಕಡುಬಿನಂಥ ತಮಾಲೆ ಮಾರುವವಳೂ ಬುಟ್ಟಿ ತಂದಿದ್ದಳು. ತಿಬುರ್ಸಿಯೊ ತನ್ನ ಚರ್ಮದ ಕೊಳವೆಯನ್ನೂ ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದ. ಉರ್ಕಿದಿ ದುರ್ಬೀನನ್ನು ಸರಿಮಾಡಿ ಪಕ್ಕಕ್ಕೆ ಸರಿದ. ತಿಬುರ್ಸಿಯೊ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಏನ್ ಕಾಣುತ್ತೆ ಕೊಂಪಾದ್ರೆ?" ಅಂದ ಮೇಯರ್.

"ನಕ್ಷತ್ರ."

"ಎಷ್ಟು?"

"ನಾಲ್ಕು."

ಮೇಯರ್ ಓಡಿಬಂದು ಅವನನ್ನು ತಬ್ಬಿಕೊಂಡುಬಿಟ್ಟ. "ಕೇಳಿದ್ರೇನ್ರೋ! ನಾಲ್ಕು ಮಕ್ಕಳಂತೆ! ನಾಲ್ಕಕ್ಕೂ ನಾನೇ ಧರ್ಮಪಿತ!"

ಚೌಕದಲ್ಲಿ ಗಲಾಟೆ ಎದ್ದಿತು. ಹೆಸರು ಒಂದೇ ಇಟ್ಟಿದ್ದೇವೆ, ಇನ್ನು ಮೂರಕ್ಕೆ ಹೆಸರಿಲ್ಲ, ಆಲಿಕಲ್ಲು ಬಂದಂತೆಯೇ ಅಂತ ಒಬ್ಬಳು ಎದೆ ಬಡಿದುಕೊಂಡಳು. ಒಂದೇ ನೀರು ನಾಲ್ಕು ತಲೆಗೂ ಆಗುತ್ತದೆ, ಅವಳಿ ಮಕ್ಕಳಿಗೆ ಮಾಡುವುದಿಲ್ಲವೇ ಅಂತ ಇನ್ನೊಬ್ಬ. ಅದಕ್ಕೆ ನಾಲ್ಕು ಬ್ರೆಡ್ಡು ಬೇಕಾಗಿತ್ತು ಅಂತ ಮತ್ತೊಬ್ಬ. ಪಾದ್ರಿಗಳು ತಲೆಯ ಮೇಲೆ ಕೈ ಹೊತ್ತು ಇಗರ್ಜಿಯ ಮೆಟ್ಟಿಲ ಮೇಲೆ ಕೂತರು.

"ಅಯ್ಯೋ ದೇವ್ರೇ," ಅಂದಳು ಪೆತ್ರೊನಿಲಾ. "ಒಂದರಿಂದ ಬಿಡಿಸ್ಕೊಳ್ಳೋಣ ಅಂತ ಬಂದ್ರೆ ನಾಲ್ಕಕ್ಕೆ ಗಂಟುಬಿದ್ನಲ್ಲಪ್ಪಾ!"

ಉರ್ಕಿದಿ ಒಂದು ಕುರ್ಚಿ ಹತ್ತಿ ಕೂಗಿದ. "ಕೇಳ್ರೀ ಇಲ್ಲಿ! ಅವು ಒಡಹುಟ್ಟಿದವೂ ಅಲ್ಲ ಅನ್ಸುತ್ತೆ. ಒಂದು ಹತ್ತಿರ ಇರಬಹುದು, ಇನ್ನೊಂದು ಅದರ ಹಿಂದೆ ಎಲ್ಲೋ ದೂರ. ನಮ್ಮ ಕಣ್ಣಿನ ನೇರಕ್ಕೆ ಬಂದಿವೆ, ಅದಕ್ಕೇ ಒಟ್ಟಿಗೆ ಇದ್ದ ಹಾಗೆ ಕಾಣೋದು. ಅವಕ್ಕೆ ಒಂದರ ಗುರುತು ಒಂದಕ್ಕಿಲ್ಲ!"

ಪಾದ್ರಿಗಳು ಎದ್ದು ಬಂದರು. ಅವರಿಗೂ ಸಾಕಾಗಿತ್ತು. "ತಿಬುರ್ಸಿಯೊ, ನಕ್ಷತ್ರಗಳು ದೇವರು ಮಾಡಿದ ದಿನದಿಂದ ಅಲ್ಲೇ ಇವೆ, ಅವಕ್ಕೆ ನಮ್ಮ ನೀರು ಬೇಕಿಲ್ಲ. ನಾವು ನೀರು ಹೊಯ್ದಿದ್ದು ಮಂಜಿನ ಮಗುವಿಗೆ. ತಂದೆ ನೀನು. ಆ ಮಗು ಇದ್ಯೋ ಇಲ್ವೋ, ನೀನೇ ಹೇಳು."

ತಿಬುರ್ಸಿಯೊ ತನ್ನ ಚರ್ಮದ ಕೊಳವೆಯನ್ನು ಮೇಯರನ ಹೆಗಲಿಗೆ ಒರಗಿಸಿ ಅದರಲ್ಲಿ ಒಮ್ಮೆ ನೋಡಿದ. ಅದರೊಳಗೆ ಊರ್ಸುಲಾ ಇದ್ದಳು, ಎಂದಿನಂತೆ. ಅವನು ತಲೆ ಎತ್ತಿ ಪೆತ್ರೊನಿಲಾಳನ್ನು ನೋಡಿದ. ಅವಳು ಆ ಚರ್ಮದ ಏಪ್ರನ್ನಿನಲ್ಲೇ ಬಂದು ನೆಟ್ಟಗೆ ನಿಂತಿದ್ದಳು, ತುಟಿ ಕಚ್ಚಿಕೊಂಡು.

"ಇಲ್ಲ ಸ್ವಾಮಿ," ಅಂದ. "ಇಲ್ಲ. ಯಾವತ್ತೂ ಇರ್ಲಿಲ್ಲ."

ಮೇಯರ್ ಮೆಲ್ಲಗೆ ಟೋಪಿ ತೆಗೆದ. ಅವನನ್ನು ನೋಡಿ ಎಲ್ಲ ಗಂಡಸರೂ ತೆಗೆದರು. ಇರಲಿಲ್ಲ ಅಂದರೂ ಒಂದೇ, ತೀರಿಕೊಂಡಿತು ಅಂದರೂ ಒಂದೇ, ನಮ್ಮ ಊರಿನ ಕಿವಿಗೆ. ಯಾರೋ ಹೋಗಿ ಇಗರ್ಜಿಯ ಗಂಟೆ ಬಾರಿಸಿದರು.

ಮರುದಿನ ಮಧ್ಯಾಹ್ನಕ್ಕೆ ತಿಬುರ್ಸಿಯೊನ ಮನೆಯ ತುಂಬ ಬಿಳಿ ಹೂವು. ಮಗು ಸತ್ತರೆ ನಮ್ಮಲ್ಲಿ ಕರಿಬಟ್ಟೆಯಿಲ್ಲ. ಅದು ದೇವದೂತನಾಗಿ ನೇರ ಮೇಲಕ್ಕೆ ಹೋಗುತ್ತದಲ್ಲ, ಅದಕ್ಕೇ ಗಿಟಾರು ಬಾರಿಸುತ್ತಾರೆ, ಪಟಾಕಿ ಹೊಡೆಯುತ್ತಾರೆ. ಹೆತ್ತವರು ಅಳಕೂಡದು. ಅತ್ತರೆ ಕಣ್ಣೀರಿಗೆ ಮಗುವಿನ ರೆಕ್ಕೆ ನೆನೆದು ಹಾರಲಾಗುವುದಿಲ್ಲ. ಮೇಯರನ ಹೆಂಡತಿ ರೆಫೂಹಿಯೊ ಎಲ್ಲ ವ್ಯವಸ್ಥೆಯನ್ನೂ ತಾನೇ ವಹಿಸಿಕೊಂಡು, ಖಾಲಿ ಮೇಜಿಗೆ ಬಿಳಿ ಬಟ್ಟೆ ಹಾಸಿ, ಅದರ ಪಕ್ಕದಲ್ಲಿ ಪದ್ಧತಿಯಂತೆ ಅಪ್ಪನಿಗೊಂದು ಅಮ್ಮನಿಗೊಂದು ಕುರ್ಚಿ ಹಾಕಿಸಿದ್ದಳು. ತಿಬುರ್ಸಿಯೊ ಒಂದರಲ್ಲಿ ಕೂತಿದ್ದ. ಇನ್ನೊಂದು ಖಾಲಿಯಿತ್ತು. ಬಂದವರೆಲ್ಲ ಅವನ ಕೈ ಹಿಡಿದು, "ಅಳ್ಬೇಡಿ ಡಾನ್ ತಿಬುರ್ಸಿಯೊ, ರೆಕ್ಕೆ ನೆನೆಯುತ್ತೆ," ಅಂದು ತಿಂಡಿಯ ತಟ್ಟೆಗೆ ಕೈ ಹಾಕುತ್ತಿದ್ದರು. ಅವನು ಹಲ್ಲು ಕಚ್ಚಿಕೊಂಡು ತಲೆಯಾಡಿಸುತ್ತಿದ್ದ.

ಎಲ್ಲರ ಕಣ್ಣೂ ಬಾಗಿಲ ಕಡೆಗಿತ್ತು. ತೀರಿಹೋದ ಮಗುವಿಗೆ ಹೂವಿನ ಕಿರೀಟ ತರುವುದು ಧರ್ಮತಾಯಿಯ ಕೆಲಸ. ಪೆತ್ರೊನಿಲಾ ತಂದರೆ ಅವಳು ಧರ್ಮತಾಯಿ ಹೌದೆಂದು ತಾನೇ ಒಪ್ಪಿಕೊಂಡಂತೆ. ಮದುವೆ ಅಲ್ಲಿಗೇ ಮುರಿಯಿತು. ಬರದೇ ಹೋದರೆ ಕಲ್ಲೆದೆಯವಳು ಅನ್ನಿಸಿಕೊಂಡು ಈ ಊರಲ್ಲಿ ಬನ್ನು ಮಾರಬೇಕು. ರೆಫೂಹಿಯೊ ಬೇರೆಯವಳ ಸಂಕಟದಲ್ಲಿ ರುಚಿ ಕಾಣುವ ಹೆಂಗಸು. ಬಾಗಿಲಿಗೆ ಎದುರಾಗಿಯೇ ಕೂತಿದ್ದಳು.

ಪೆತ್ರೊನಿಲಾ ಬಂದಳು. ಬಿಳಿ ಶಾಲು ಹೊದ್ದಿದ್ದಳು. ಕೈ ಖಾಲಿ. ಗಿಟಾರು ನಿಂತಿತು.

"ಕಿರೀಟ ಎಲ್ಲಿ ಪೆತ್ರೊನಿಲಾ?" ಅಂದಳು ರೆಫೂಹಿಯೊ.

"ಕಿರೀಟ ತರೋಳು ಧರ್ಮತಾಯಿ," ಅಂದಳು ಅವಳು. "ನಾನು ಧರ್ಮತಾಯಿ ಅಲ್ಲ. ನಿನ್ನೆ ಚೌಕದಲ್ಲಿ ನೀವೂ ಇದ್ರಲ್ಲ, ಕೇಳಿಸ್ಕೊಳ್ಳಲಿಲ್ವಾ?"

"ಮತ್ತೆ ನೀನ್ ಯಾರಾಗಿ ಬಂದೆಯಮ್ಮಾ?"

ಪೆತ್ರೊನಿಲಾ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಶಾಲನ್ನು ತಲೆಯ ಮೇಲೆ ಎಳೆದುಕೊಂಡು, ಅಮ್ಮನ ಕುರ್ಚಿಯಲ್ಲಿ ಕೂತಳು. ಕೂತು ಅವನ ಕೈ ಹಿಡಿದುಕೊಂಡಳು, ಊರಿನ ಮುಂದೆ.

"ಅಳು ತಿಬುರ್ಸಿಯೊ," ಅಂದಳು. "ರೆಕ್ಕೆ ನೆನೆಯೋಕೆ ಅಲ್ಲಿ ಯಾರೂ ಇಲ್ಲ."

ಅವನು ಅತ್ತ. ಅವಳೂ ಅತ್ತಳು. ಮೊದಲು ಎದ್ದವನು ಮೇಯರ್. ಅವನು ಬಂದು ಬಗ್ಗಿ, ಮೊದಲು ತಿಬುರ್ಸಿಯೊನ ಕೈ ಹಿಡಿದು ಸಂತಾಪ ಹೇಳಿದ, ಆಮೇಲೆ ಮಗುವಿನ ಅಮ್ಮನಿಗೆ ಹೇಳುವ ಹಾಗೆಯೇ ಪೆತ್ರೊನಿಲಾಳ ಕೈ ಹಿಡಿದು ಹೇಳಿದ. ಅವನ ಹಿಂದೆ ಉಳಿದವರೂ ಸಾಲಾಗಿ ನಿಂತರು.